ನಾವು ಕಂಡ ಬೀದರ

ಕಳೆದ ಮಾಘಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಚಿತ್ರಪತ್ರವು ಬಂದಿತು. ಅವನು ಸರಕುಹಡಗೊಂದರಲ್ಲಿ ಇಂಜಿನಿಯರನಾಗಿ ದುಡಿಯುತ್ತಿರುವವನು. ರಜೆಯ ದಿನಗಳಲ್ಲಿ ಇಟಲಿ ದೇಶದ ದಕ್ಷಿಣಭಾಗದಲ್ಲಿ ಮೆಡಿಟರೇನಿಯನ್ ಸಮುದ್ರದ ತಡಿಯಲ್ಲಿರುವ ಅಮಾಲ್ಫಿ ಎಂಬ ಊರನ್ನು ನೋಡಲು ಹೋಗಿದ್ದನಂತೆ. ಚಿತ್ರದಲ್ಲಿ ನೀಲಿಯಾದ ಕಡಲು, ಕಡಲಿನಿಂದಲೇ ಎದ್ದು ನಿಂತಂತಿರುವ ಕಡಿದಾದ ಬೆಟ್ಟ, ಬೆಟ್ಟದ ಮೈಗೆ ಮೆಟ್ಟಿಲುಮೆಟ್ಟಿಲಾಗಿ ಅಂಟಿಕೊಂಡಿರುವ ಬಿಳಿಯ ಮನೆಗಳು, ಅವುಗಳ ನಡುವೆ ಹಸಿರು ಹಳದಿ ಬಿಲ್ಲೆಗಳನ್ನು ಹೊದ್ದ ಒಂದು ಗಂಟೆಯ ಗೋಪುರ. ಹತ್ತು ಹನ್ನೊಂದನೆಯ ಶತಮಾನಗಳಲ್ಲಿ ಈ ಪುಟ್ಟ ಊರಿನ ಹಡಗುಗಳು ಈಜಿಪ್ಟಿಗೂ ಕಾನ್‌ಸ್ಟಾಂಟಿನೋಪಲಿಗೂ ವ್ಯಾಪಾರಕ್ಕಾಗಿ ಹೋಗಿಬರುತ್ತಿದ್ದುವು; ಅಲ್ಲಿಯ ದೊಡ್ಡ ದೇವಾಲಯದ ಕಂಚಿನ ಕದಗಳು ಕಾನ್‌ಸ್ಟಾಂಟಿನೋಪಲಿನಲ್ಲಿ ಎರಕಗೊಂಡು ಕಡಲಮಾರ್ಗವಾಗಿ ಬಂದುವು. 1343ರ ಭಯಂಕರವಾದ ಬಿರುಗಾಳಿಯಲ್ಲಿ ಬಂದರು ಹಾಳಾದ ಮೇಲೆ ಆ ಊರು ತನ್ನ ಹಿಂದಿನ ಪ್ರಭಾವವನ್ನು ಮರಳಿ ಪಡೆಯಲಿಲ್ಲ. ಈಗ ಅಲ್ಲಿ ನಿಂಬೆಯ ತೋಟಗಳೂ ಪ್ರವಾಸಿಗಳೂ ಹೇರಳ.

ಇದಿಷ್ಟನ್ನೂ ಬರೆದು ಕೊನೆಯಲ್ಲಿ ಅವನು ಎರಡು ಸಾಲು ಸೇರಿಸಿದ್ದನು: "ಗುರುಗಳೇ, ಈ ಗೋಪುರದ ಬಿಲ್ಲೆಗಳನ್ನು ನೋಡಿ ನಮ್ಮ ಬೀದರದ ಮದರಸೆಯ ಬಿಲ್ಲೆಗಳು ನೆನಪಾದುವೆಂದು ಬರೆಯಬೇಕೆಂದುಕೊಂಡೆನು. ಆದರೆ ನೆನೆಯುವುದಕ್ಕೆ ನಾನು ಅವನ್ನು ನೋಡಿಯೇ ಇಲ್ಲವಲ್ಲ!"

ಅವನಿಗೆ ಮರೆತಿರಬಹುದು, ನನಗೆ ಮರೆತಿಲ್ಲ. ಎಂಟನೆಯ ತರಗತಿಯಲ್ಲಿದ್ದಾಗ ಈ ಹುಡುಗನೇ ಎದ್ದು ನಿಂತು, "ನಮ್ಮನ್ನು ಒಂದು ಸಲ ಬೀದರಕ್ಕೆ ಕರೆದುಕೊಂಡು ಹೋಗಿರಿ" ಎಂದು ಕೇಳಿದ್ದನು. ಭಾಲ್ಕಿಯಿಂದ ಬೀದರಕ್ಕೆ ಒಂದು ಗಂಟೆಯ ದಾರಿ. "ಪರೀಕ್ಷೆ ಹತ್ತಿರವಿದೆ, ಮುರಿದ ಗೋಡೆಗಳಲ್ಲಿ ನೋಡತಕ್ಕದ್ದೇನಿದೆ, ಕುಳಿತುಕೋ" ಎಂದು ನಾನು ಗದರಿದ್ದೆನು. ಅದೇ ದಿನ ಕರಿಹಲಗೆಯ ಮೇಲೆ ಮೆಡಿಟರೇನಿಯನ್ ಸಮುದ್ರದ ಭೂಪಟವನ್ನು ಬರೆದು ಬಂದರುಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದೆನು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿ ನಿವೃತ್ತನಾದ ನನಗೆ ಆ ಚಿತ್ರಪತ್ರವು ಹಳೆಯದೊಂದು ಸಾಲದ ಪತ್ರದಂತೆ ಕಂಡಿತು. ಆದುದರಿಂದ ಶಿವರಾತ್ರಿ ಕಳೆದ ಮರುವಾರ, ಹನ್ನೆರಡು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಎರಡು ದಿನಗಳ ಪ್ರಯಾಣಕ್ಕೆ ಹೊರಟೆನು.

ನಾನು ಹುಟ್ಟಿದುದು ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹೀಗಾಗಿ ಮೊದಲು ಔರಾದಿನ ಅಮರೇಶ್ವರನ ದರ್ಶನವನ್ನು ಮಾಡಿದೆವು. ಶಿವರಾತ್ರಿಯ ಜಾತ್ರೆಯ ಕಡೆಯ ಅಂಗಡಿಗಳು ಇನ್ನೂ ಎದ್ದಿರಲಿಲ್ಲ. ಅಂಗಡಿಯವನು ಗಿರಾಕಿಯೊಡನೆ ಮರಾಠಿಯಲ್ಲಿಯೂ, ಪಕ್ಕದವನೊಡನೆ ಉರ್ದುವಿನಲ್ಲಿಯೂ, ನಮ್ಮೊಡನೆ ಕನ್ನಡದಲ್ಲಿಯೂ ಮಾತನಾಡಿ, ಮೂರರಲ್ಲಿಯೂ ಒಂದೇ ಬೆಲೆಯನ್ನು ಹೇಳಿದನು. ಈ ನಾಡಿನ ಸ್ವಭಾವವೇ ಇದು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ, ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿದುವು. ಬೀದರ, ಭಾಲ್ಕಿ, ಔರಾದ ಮುಂತಾದುವು ಮೈಸೂರು ರಾಜ್ಯಕ್ಕೆ ಬಂದುವು. ಗೆರೆಗಳು ಬದಲಾದುವೇ ಹೊರತು ನೆಂಟಸ್ತಿಕೆಗಳು ಬದಲಾಗಲಿಲ್ಲ.

ಔರಾದಿನ ಕರಿಯ ಹೊಲಗಳನ್ನು ಬಿಟ್ಟು ದಕ್ಷಿಣಕ್ಕೆ ಬಂದು ಮಾಂಜ್ರಾ ನದಿಯನ್ನು ದಾಟಿದ ಮೇಲೆ ಮಣ್ಣಿನ ಬಣ್ಣ ತಿರುಗತೊಡಗುವುದು. ಕಪ್ಪು ಹೋಗಿ ಕೆಂಪು ಬರುವುದು. ಎದುರಿಗೆ ಆಕಾಶದಂಚಿನಲ್ಲಿ ಒಂದು ಕೆಂಪು ದಿಣ್ಣೆಯು ಅಡ್ಡಲಾಗಿ ಮಲಗಿದಂತೆ ಕಾಣುವುದು. ಅದರ ತುದಿಯ ಮೇಲೆ ಬೀದರದ ಕೋಟೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲ್ಪಟ್ಟ ಎತ್ತರದಲ್ಲಿರುವ ಈ ದಿಣ್ಣೆಯೆಲ್ಲವೂ ಜಂಬಿಟ್ಟಿಗೆಯ ಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಈ ಕಲ್ಲು ಮೆತ್ತಗಿರುತ್ತದೆ. ಗಾಳಿ ತಾಗಿದಷ್ಟೂ ಗಟ್ಟಿಯಾಗುತ್ತದೆ.

ದಿಣ್ಣೆಯನ್ನು ಏರುವಾಗ ಮೊಮ್ಮಗಳು, "ಅಜ್ಜ, ಇಲ್ಲಿಂದ ಸಮುದ್ರ ಎಷ್ಟು ದೂರ?" ಎಂದಳು. ಚಿತ್ರಪತ್ರವು ಅವಳ ಕೈಯಲ್ಲಿಯೇ ಇತ್ತು. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಮುನ್ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲವೆಂದೆನು. "ಹಾಗಾದರೆ ನಮ್ಮ ಊರಿಗೂ ಆ ಊರಿಗೂ ಹೋಲಿಕೆಯೇ ಇಲ್ಲ" ಎಂದು ಅವಳು ತೀರ್ಪು ಕೊಟ್ಟುಬಿಟ್ಟಳು. ನಾನೂ ಹಾಗೆಯೇ ತಿಳಿದಿದ್ದೆನು. ಎರಡು ದಿನಗಳಲ್ಲಿ ನಮ್ಮಿಬ್ಬರ ತೀರ್ಪೂ ತಿರುಗಿತು.

ಬೀದರವೆಂಬ ಹೆಸರಿನ ವಿಷಯದಲ್ಲಿ ಒಂದು ಮಾತು. ವಿದುರನು ಇಲ್ಲಿದ್ದುದರಿಂದ ವಿದುರನಗರವೆಂದು ಕೆಲವರೂ, ದಮಯಂತಿಯ ತಂದೆಯಾದ ಭೀಮರಾಜನ ವಿದರ್ಭವೇ ಇದೆಂದು ಕೆಲವರೂ, ಬಿದಿರಿನಿಂದ ಬಂದ ಹೆಸರೆಂದು ಇನ್ನು ಕೆಲವರೂ ಹೇಳುವರು. ವಿದರ್ಭವು ಇಲ್ಲಿಂದ ಬಹುದೂರ ಉತ್ತರಕ್ಕಿರುವ ನಾಡು. ಸಂಸ್ಕೃತವನ್ನು ಓದಿದವನಾದ ನನಗೆ ವಿದುರನ ಮೇಲೆ ಪ್ರೀತಿಯಿದ್ದರೂ ಮನಸ್ಸು ಬಿದಿರಿನ ಕಡೆಗೇ ವಾಲುತ್ತದೆ. ಆದರೆ ರಾಜನಿಗೆ ಅಪ್ರಿಯವಾದ ಹಿತವನ್ನು ಹೇಳಿದ ಮಂತ್ರಿಯ ಹೆಸರು ಈ ಊರಿಗೆ ಅಂಟಿಕೊಂಡಿರುವುದು ಒಪ್ಪತಕ್ಕದ್ದೇ. ಏಕೆಂಬುದನ್ನು ಮುಂದೆ ಹೇಳುವೆನು.

ಬಹಮನಿ ಸುಲ್ತಾನನಾದ ಒಂದನೆಯ ಅಹಮದಶಹನು 1422ರಲ್ಲಿ ಪಟ್ಟಕ್ಕೆ ಬಂದು, ಆ ದಶಕದಲ್ಲಿಯೇ ರಾಜಧಾನಿಯನ್ನು ಗುಲ್ಬರ್ಗದಿಂದ ಇಲ್ಲಿಗೆ ತಂದನು. ಹಳೆಯ ಕೋಟೆಯು ಅವನ ಕಾಲದಲ್ಲಿ ಹೊಸದಾಗಿ ಬೆಳೆಯಿತು. ಕೋಟೆಯ ಕಂದಕವನ್ನು ನೋಡಿ ನಾವು ಬೆರಗಾದೆವು. ಬಂಡೆಯನ್ನೇ ಕಡಿದು, ನಡುವೆ ಗೋಡೆಗಳಂತೆ ಕಲ್ಲನ್ನು ಉಳಿಸಿಕೊಂಡು, ಒಂದರ ಪಕ್ಕಕ್ಕೊಂದರಂತೆ ಮೂರು ಕಂದಕಗಳನ್ನು ತೋಡಿರುವರು. ಒಳಗೆ ಸೋಳಾ ಖಂಬ ಮಸೀದಿ, ತಖ್ತ ಮಹಲ್, ಗಗನ ಮಹಲ್, ತರ್ಕಶ ಮಹಲ್ ಮೊದಲಾದ ಕಟ್ಟಡಗಳುಂಟು. ತಖ್ತ ಮಹಲಿನ ಕಮಾನಿನ ಮೇಲೆ ಸೂರ್ಯನೊಡನೆ ಸಿಂಹವನ್ನು ಚಿತ್ರಿಸಿದ ಬಿಲ್ಲೆಗಳ ಗುರುತುಗಳು ಇನ್ನೂ ಉಳಿದಿವೆ. ಅದು ಪಾರಸೀಕ ದೇಶದ ಲಾಂಛನ.

ಆದರೆ ನಮ್ಮ ಮನಸ್ಸನ್ನು ಸೆಳೆದುದು ರಂಗೀನ ಮಹಲ್. ಬಹಮನಿಗಳ ತರುವಾಯ ಬಂದ ಬರೀದಶಾಹಿಯ ದೊರೆ ಅಲಿ ಬರೀದನು ಹದಿನಾರನೆಯ ಶತಮಾನದಲ್ಲಿ ಇದನ್ನು ಅಲಂಕರಿಸಿದನು. ಕೆತ್ತನೆಯ ಮರದ ಕಂಬಗಳನ್ನು ದಾಟಿ ಒಳಕೋಣೆಯ ಬಾಗಿಲಿಗೆ ಬಂದಾಗ, ಕಡುಕಪ್ಪಾದ ಕಲ್ಲಿನಲ್ಲಿ ಬಳ್ಳಿಗಳೂ ಅಕ್ಷರಗಳೂ ಕಾಮನಬಿಲ್ಲಿನ ಹೊಳಪಿನಿಂದ ಮಿನುಗುತ್ತಿದ್ದುವು. ಕಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ ಅದು. ಮೊಮ್ಮಗಳು ಬಗ್ಗಿ ನೋಡಿ, "ಅಜ್ಜ, ಮುತ್ತಿನ ಚಿಪ್ಪು ಸಿಕ್ಕುವುದೆಲ್ಲಿ?" ಎಂದಳು. ಸಮುದ್ರದಲ್ಲಿ ಎಂದೆನು. ಅವಳು ಏನನ್ನೂ ಹೇಳದೆ ನನ್ನ ಮುಖವನ್ನು ನೋಡಿದಳು. ಹುಡುಕುವವರಿಗೆ ಈ ಗುಡ್ಡದ ಮೇಲೆ ಸಮುದ್ರವು ಹೆಜ್ಜೆಹೆಜ್ಜೆಗೂ ಸಿಕ್ಕುವುದೆಂಬುದು ಆಗ ನಮಗೆ ಹೊಳೆಯಿತು.

ಕೋಟೆಯಿಂದ ಊರೊಳಗೆ ಬಂದರೆ ಮಹಮೂದ ಗವಾನನ ಮದರಸೆ. ಈ ಮಹನೀಯನು ಕ್ಯಾಸ್ಪಿಯನ್ ಸಮುದ್ರದ ತೀರದ ಗೀಲಾನ ಪ್ರಾಂತದವನು. ನಲವತ್ತು ದಾಟಿದ ಮೇಲೆ, 1453ರಲ್ಲಿ, ವ್ಯಾಪಾರಿಯಾಗಿ ಕಡಲ ಮೇಲೆ ಬಂದು ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು, ಅಲ್ಲಿಂದ ಘಟ್ಟವನ್ನೇರಿ ಬೀದರಕ್ಕೆ ಬಂದನು. ಮುಂದೆ ದೆಹಲಿಗೆ ಹೋಗಬೇಕೆಂದಿದ್ದವನನ್ನು ಸುಲ್ತಾನನು ಇಲ್ಲಿಯೇ ನಿಲ್ಲಿಸಿಕೊಂಡನು. ಕ್ರಮೇಣ ಪ್ರಧಾನಮಂತ್ರಿಯಾಗಿ, ದೊಡ್ಡ ಪ್ರಾಂತಗಳನ್ನು ವಿಭಾಗಿಸಿ ಸುಬೇದಾರರ ಬಲವನ್ನು ತಗ್ಗಿಸಿ ರಾಜ್ಯಕ್ಕೊಂದು ಕಟ್ಟುಪಾಡನ್ನು ತಂದನು. 1472ರಲ್ಲಿ ಗೋವೆಯ ಬಂದರನ್ನು ಗೆದ್ದು ರಾಜ್ಯಕ್ಕೆ ಸೇರಿಸಿದನು. ಅದೇ ವರ್ಷ ಈ ಮದರಸೆಯು ಪೂರ್ಣವಾಯಿತು.

ಮೂರು ಅಂತಸ್ತಿನ ಕಟ್ಟಡ, ಪೂರ್ವಾಭಿಮುಖ. ಮುಂಭಾಗದ ಎರಡು ಮೂಲೆಗಳಲ್ಲಿ ಎರಡು ಮಿನಾರುಗಳಿದ್ದುವು. ಈಗ ಉಳಿದಿರುವುದು ಒಂದು. ಅದರ ಎತ್ತರ ಸುಮಾರು 130 ಅಡಿ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವಾಸಕ್ಕೆ ಕೋಣೆಗಳು, ಉಪನ್ಯಾಸಕ್ಕೆ ದೊಡ್ಡ ಮಂಟಪಗಳು, ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಭಂಡಾರ, ಇವೆಲ್ಲವೂ ಇಲ್ಲಿದ್ದುವು. 1696ರಲ್ಲಿ, ಮೊಗಲರ ಕಾಲದಲ್ಲಿ, ಒಳಗಿಟ್ಟಿದ್ದ ಸಿಡಿಮದ್ದು ಸಿಡಿದು ಕಾಲುಭಾಗದಷ್ಟು ಹಾರಿಹೋಯಿತು. ವಿದ್ಯೆಯ ಮನೆಯಲ್ಲಿ ಮದ್ದನ್ನು ತುಂಬಿದರೆ ಆಗುವುದು ಮತ್ತೇನು? ಆದರೂ ಮಿನಾರಿನ ಮೈಮೇಲೆ ಅಂಕುಡೊಂಕಾಗಿ ಏರುವ ಬಿಲ್ಲೆಗಳ ಸಾಲು, ಗೋಡೆಯ ಮೇಲಿನ ನೀಲಿ, ಬಿಳಿ, ಹಳದಿ ಬಣ್ಣಗಳು ಐದೂವರೆ ಶತಮಾನಗಳ ಬಿಸಿಲುಮಳೆಗಳನ್ನುಂಡು ಇನ್ನೂ ಬೆಳಗುತ್ತಿವೆ. ಮೊಮ್ಮಗಳು ಚಿತ್ರಪತ್ರವನ್ನೆತ್ತಿ ಗೋಪುರದ ಪಕ್ಕಕ್ಕೆ ಮಿನಾರವನ್ನು ಹಿಡಿದು ನೋಡಿದಳು. ನಾನು ಒಂದು ಕಲ್ಲಿನ ಮೇಲೆ ಕುಳಿತೆನು. ಎಂಟನೆಯ ತರಗತಿಯ ಆ ಹುಡುಗನು ನಿಲ್ಲಬೇಕಾಗಿದ್ದ ಜಾಗ ಇದೇ ಆಗಿತ್ತು.

ಗವಾನನ ಅಂತ್ಯವನ್ನು ಮಕ್ಕಳಿಗೆ ಹೇಳುವುದು ಕಷ್ಟ. ಆಸ್ಥಾನದಲ್ಲಿ ಎರಡು ಪಕ್ಷಗಳಿದ್ದುವು: ಇಲ್ಲಿಯೇ ನೆಲಸಿದ್ದ ದಖನಿಗಳು ಒಂದು, ಹೊರನಾಡುಗಳಿಂದ ಬಂದ ಆಫಾಖಿಗಳು ಇನ್ನೊಂದು. ತಾನು ಹೊರಗಿನವನಾದರೂ ಗವಾನನು ಎರಡು ಪಕ್ಷಗಳಿಗೂ ಪದವಿಗಳನ್ನು ಸಮನಾಗಿ ಹಂಚಿದನು. ಅಷ್ಟಾದರೂ ಅಸೂಯೆಯು ಆರಲಿಲ್ಲ. ಅವನ ಮುದ್ರಾಧಿಕಾರಿಯನ್ನು ಒಲಿಸಿಕೊಂಡು ಬರಿಯ ಕಾಗದದ ಮೇಲೆ ಮುದ್ರೆಯನ್ನೊತ್ತಿಸಿ, ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆದ ಸುಳ್ಳುಪತ್ರವನ್ನು ಸೃಷ್ಟಿಸಿದರು. ಕುಡಿದು ಮತ್ತನಾಗಿದ್ದ ಮೂರನೆಯ ಮಹಮ್ಮದಶಹನು ವಿಚಾರಣೆಯಿಲ್ಲದೆ, 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಆ ವೃದ್ಧನ ತಲೆಯನ್ನು ಹೊಡೆಯಿಸಿದನು. ಮಂತ್ರಿಯ ಭಂಡಾರವನ್ನು ತೆರೆದರೆ ದೊಡ್ಡ ಧನವೇನೂ ಸಿಕ್ಕಲಿಲ್ಲ. ತನಗೆ ಬಂದುದನ್ನೆಲ್ಲ ಅವನು ಮದರಸೆಗೂ ಬಡವರಿಗೂ ವೆಚ್ಚಮಾಡಿ, ಸ್ವಂತ ಊಟಕ್ಕೆ ಮಾತ್ರ ವ್ಯಾಪಾರದ ಹಣವನ್ನು ಬಳಸುತ್ತಿದ್ದನೆಂದು ಚರಿತ್ರಕಾರರು ಹೇಳುವರು. ಸುಲ್ತಾನನು ಪಶ್ಚಾತ್ತಾಪದಲ್ಲಿ ಬೆಂದು ವರ್ಷದೊಳಗಾಗಿ ತೀರಿಕೊಂಡನು. ನಲವತ್ತು ವರ್ಷ ತುಂಬುವುದರೊಳಗಾಗಿ ಆ ದೊಡ್ಡ ರಾಜ್ಯವು ಬಿಜಾಪುರ, ಅಹಮದನಗರ, ಬೇರಾರ, ಗೋಲ್ಕೊಂಡ, ಬೀದರವೆಂದು ಐದು ಹೋಳಾಯಿತು. ಒಬ್ಬನ ಕೊಲೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ಹೋಳುಗಳನ್ನು ಹಿಡಿದಿಟ್ಟಿದ್ದ ಕೈ ಅದೇ ಆಗಿತ್ತು. ಅಮಾಲ್ಫಿಯ ಬಂದರನ್ನು ಹಾಳುಮಾಡಿದುದು ಬಿರುಗಾಳಿ. ಬೀದರದ ಬಂದರನ್ನು ಹಾಳುಮಾಡಿದುದು ಒಂದು ಸುಳ್ಳುಪತ್ರ.

ಗವಾನನ ಕಾಲದಲ್ಲಿಯೇ, 1469ರಿಂದೀಚೆಗೆ, ರಷ್ಯಾದೇಶದ ತ್ವೆರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನನು ಈ ಊರಿನಲ್ಲಿದ್ದನು. ಅವನು ತನ್ನ ಪ್ರವಾಸಕಥನಕ್ಕೆ ಮೂರು ಸಮುದ್ರಗಳ ಹೆಸರನ್ನಿಟ್ಟನು. ಒಂದು ಕುದುರೆಯನ್ನು ಹಡಗಿನಲ್ಲಿ ಚೌಲ ಬಂದರಿಗೆ ತಂದು, ಜುನ್ನರಿನಲ್ಲಿ ಅದನ್ನು ಕಳೆದುಕೊಂಡು, ಮರಳಿ ಪಡೆದು, ಬೀದರದಲ್ಲಿ ಮಾರಿದನು. ಸುಲ್ತಾನನ ವೈಭವದ ಮೆರವಣಿಗೆಯನ್ನು ಅವನು ವರ್ಣಿಸಿರುವಂತೆಯೇ, ಸರದಾರರ ಸಿರಿಯ ಪಕ್ಕದಲ್ಲಿ ಹಳ್ಳಿಗರ ಬಡತನವನ್ನೂ ಮರೆಯದೆ ಬರೆದಿರುವನು. ತಾನು ಕ್ರೈಸ್ತನೆಂದು ನಿಜವನ್ನು ಹೇಳಿದ ಮೇಲೆ ಇಲ್ಲಿಯ ಹಿಂದೂಗಳು ತಮ್ಮ ಊಟೋಪಚಾರಗಳನ್ನೂ ಪೂಜೆಯನ್ನೂ ಅವನಿಂದ ಮರೆಮಾಡದಾದರಂತೆ. ಅವರೊಡನೆ ಅವನು ಶ್ರೀಶೈಲಕ್ಕೂ ಹೋಗಿಬಂದನು. ಮರಳುವ ದಾರಿಯಲ್ಲಿ, ತನ್ನ ಊರನ್ನು ಮುಟ್ಟುವ ಮೊದಲೇ ತೀರಿಕೊಂಡನು. ಅವನ ಬರಹವು ಮಾತ್ರ ಊರನ್ನು ಮುಟ್ಟಿತು.

ಗುಡ್ಡದ ಮೇಲಿನ ಊರಿಗೆ ನೀರಿನ ಚಿಂತೆ ಹೆಚ್ಚು. ನೌಬಾದಿನ ಬಳಿ ನೆಲದೊಳಗೆ ಕಾರೇಜ ಎಂಬ ಸುರಂಗವುಂಟು. ಮೇಲಿನ ಮುರಕಲ್ಲಿನಲ್ಲಿ ಇಂಗಿದ ಮಳೆಯ ನೀರು ಕೊಂಚವೇ ಇಳಿಜಾರಾದ ಈ ಸುರಂಗದಲ್ಲಿ ಜಿನುಗಿ, ಏತವಿಲ್ಲದೆ ರಾಟೆಯಿಲ್ಲದೆ ತಾನಾಗಿ ಹರಿದುಬರುವುದು. ಗಾಳಿಬೆಳಕಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಬಾವಿಗಳಂತೆ ಬಾಯಿಗಳನ್ನು ತೆರೆದಿರುವರು. ಇದೂ ಪಾರಸೀಕರಿಂದ ಕಲಿತ ವಿದ್ಯೆ. ಬಹುಕಾಲ ಹೂಳು ಕಸಗಳಿಂದ ತುಂಬಿಹೋಗಿದ್ದ ಇದನ್ನು 2015ರ ಸುಮಾರಿಗೆ ತೆರವು ಮಾಡಿದಾಗ ನೀರು ಮತ್ತೆ ಕಾಣಿಸಿಕೊಂಡಿತು. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನೊಳಗೆ ನಡೆದು ಹೋಗಿ ಗುಹೆಯ ಕೊನೆಯಲ್ಲಿರುವ ದೇವರನ್ನು ನೋಡಬೇಕು. ನನ್ನ ವಯಸ್ಸನ್ನು ನೆನೆದು ಹೊರಗಿನಿಂದಲೇ ಕೈಮುಗಿದೆನು. ನಾನಕ ಝರಾದಲ್ಲಿ, ಗುರು ನಾನಕರು ಹದಿನಾರನೆಯ ಶತಮಾನದ ಆದಿಯಲ್ಲಿ ಇಲ್ಲಿಗೆ ಬಂದಾಗ ಬಂಡೆಯಿಂದ ಸಿಹಿನೀರು ಹೊಮ್ಮಿತೆಂದು ಭಕ್ತರು ಹೇಳುವ ಬುಗ್ಗೆಯ ನೀರನ್ನು ಕುಡಿದೆವು. ಅಲ್ಲಿಯ ಪಂಕ್ತಿಯಲ್ಲಿ ಯಾರು ಏನೆಂದು ಕೇಳದೆ ಊಟವನ್ನು ಬಡಿಸುವರು. ಸಿಖ್ಖರ ಪಂಚಪ್ರಿಯರಲ್ಲಿ ಒಬ್ಬರಾದ ಸಾಹಿಬ ಸಿಂಗರು ಬೀದರದವರೆಂಬುದನ್ನು ಅಲ್ಲಿ ಕೇಳಿ ಮೊಮ್ಮಗಳು ಹಿಗ್ಗಿದಳು.

ಮರುದಿನ ಬೆಳಿಗ್ಗೆ ಅಷ್ಟೂರಿನ ಗುಮ್ಮಟಗಳಿಗೆ ಹೋದೆವು. ಹುಮಾಯೂನನ ಗೋರಿಯು ಸಿಡಿಲು ಬಡಿದು ಸೀಳಿಹೋಗಿ, ಒಡೆದ ತೆಂಗಿನಕಾಯಿಯಂತೆ ನಿಂತಿದೆ. ಪಕ್ಕದ ಅಹಮದಶಹನ ಗುಮ್ಮಟದೊಳಗೆ ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕೆಂಪು, ನೀಲಿ, ಹೊನ್ನಿನ ಬಣ್ಣದ ಚಿತ್ರಾಕ್ಷರಗಳು ಮೆಲ್ಲಮೆಲ್ಲನೆ ಎದ್ದುಬರುವುವು. ಈ ದೊರೆಯನ್ನು ಮುಸಲ್ಮಾನರು ವಲಿಯೆಂದೂ, ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆಂದೂ ಭಾವಿಸುವರು. ವರ್ಷದ ಉರುಸಿಗೆ ಕಲಬುರಗಿ ಜಿಲ್ಲೆಯ ಮಡಿಯಾಳದಿಂದ ಜಂಗಮರು ಬಂದು ಶಂಖವನ್ನೂದಿ ಪೂಜಿಸುವ ಪದ್ಧತಿಯು ಇಂದಿಗೂ ನಡೆದಿದೆ.

ಊರಿಗೆ ಮರಳಿ ಬಿದರಿಯ ಕೆಲಸಗಾರರೊಬ್ಬರ ಅಂಗಡಿಯಲ್ಲಿ ಕುಳಿತೆವು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವರು. ಉಳಿಯಿಂದ ಬಳ್ಳಿಯನ್ನು ಕೊರೆದು ಅದರಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವರು. ಅಲ್ಲಿಯವರೆಗೆ ಸತುವೂ ಬೆಳ್ಳಿಯೂ ಒಂದೇ ಬಿಳುಪಾಗಿ, ಹೂವಾವುದು ಎಲೆಯಾವುದು ಎಂದು ತಿಳಿಯುವುದಿಲ್ಲ. ಕಡೆಯಲ್ಲಿ, ಬಿಸಿಲು ಮಳೆ ತಾಗದ ಕೋಟೆಯ ಹಳೆಯ ಮೂಲೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಪಾತ್ರೆಗೆ ತಿಕ್ಕುವರು. ಕೂಡಲೇ ಪಾತ್ರೆಯ ಮೈ ಕಪ್ಪಾಗುವುದು. ಬೆಳ್ಳಿ ಮಾತ್ರ ಬೆಳಗುವುದು. ಆ ಮಣ್ಣು ಸರಿಯಾದುದೋ ಅಲ್ಲವೋ ಎಂಬುದನ್ನು ನಾಲಗೆಗೆ ಮುಟ್ಟಿಸಿ ತಿಳಿಯುವರಂತೆ. ಪಾರಸೀಕದ ಕುಶಲತೆ ಬಂದುದು ಎಲ್ಲಿಂದಲೋ. ಅದನ್ನು ಬೆಳಗಿಸುವುದು ಮಾತ್ರ ಈ ನೆಲದ ಮಣ್ಣು. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮನ್ನಣೆಯೂ, 2023ರಲ್ಲಿ ಬೀದರದ ಶಾ ರಶೀದ ಅಹಮದ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯೂ ದೊರೆತುವು.

ಸಂಜೆ ಭಾಲ್ಕಿಗೆ ಬಂದು ಭಾಲ್ಕೇಶ್ವರನಿಗೆ ನಮಸ್ಕರಿಸಿ, ಹಿರೇಮಠದ ಮುಂದೆ ಕೊಂಚ ಹೊತ್ತು ನಿಂತೆವು. ನಿಜಾಮರ ಕಾಲದಲ್ಲಿ ಕನ್ನಡ ಶಾಲೆಗೆ ಎಡೆಯಿಲ್ಲದಿದ್ದಾಗ ಈ ಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ನೂರು ದಾಟಿ ಬಾಳಿ 1999ರಲ್ಲಿ ಅವರು ಲಿಂಗೈಕ್ಯರಾದರು. ಗೀಲಾನದಿಂದ ಬಂದವನು ಬೀದರದಲ್ಲಿ ಕಟ್ಟಿದುದೂ ವಿದ್ಯಾಶಾಲೆ. ಗಡಿನಾಡಿನಲ್ಲಿ ಹುಟ್ಟಿದ ಜಂಗಮರು ಭಾಲ್ಕಿಯಲ್ಲಿ ಕಟ್ಟಿದುದೂ ವಿದ್ಯಾಶಾಲೆ. ಅಂಥವರ ನಾಡಿನಲ್ಲಿ ಅಧ್ಯಾಪಕನಾಗಿದ್ದು ಒಂದು ಗಂಟೆಯ ದಾರಿಯನ್ನು ಮಕ್ಕಳಿಗೆ ತೋರಿಸದೆ ಹೋದೆನಲ್ಲಾ ಎಂಬ ಕೊರಗು ನನ್ನದು.

ಆ ರಾತ್ರಿಯೇ ವಿದ್ಯಾರ್ಥಿಗೆ ಉತ್ತರವನ್ನು ಬರೆದೆನು. ತಪ್ಪನ್ನು ಒಪ್ಪಿಕೊಂಡು, ಮುಂದಿನ ರಜೆಯಲ್ಲಿ ಬಂದರೆ ಮದರಸೆಗೆ ನಾನೇ ಕರೆದೊಯ್ಯುವೆನೆಂದು ತಿಳಿಸಿದೆನು. ಮೊಮ್ಮಗಳು ಕೆಳಗೆ ತನ್ನದೊಂದು ಸಾಲನ್ನು ಸೇರಿಸಿದಳು: "ಮಾಮಾ, ನಮ್ಮ ಊರಿಗೂ ಸಮುದ್ರ ಬಂದಿತ್ತು, ಬಂದು ನೋಡಿರಿ."

ಬೀದರದ ಈ ಸ್ಮಾರಕಗಳು 2014ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿವೆ. ಪಟ್ಟಿಯು ಕಾಯಮಾಗುವವರೆಗೆ ಕಾಯತಕ್ಕ ಅಗತ್ಯವಿಲ್ಲ. ಈ ಸೀಮೆಯ ಗೃಹಸ್ಥರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನಿಮ್ಮ ಮಕ್ಕಳು ನಾಳೆ ಬೆಂಗಳೂರಿಗೋ ಪುಣೆಗೋ ಇನ್ನೂ ದೂರಕ್ಕೋ ಹೋಗುವವರೇ, ಹೋಗಲಿ. ಹೋಗುವ ಮುಂಚೆ ಒಂದು ದಿನ ಬುತ್ತಿಯನ್ನು ಕಟ್ಟಿಕೊಂಡು ಅವರನ್ನು ಆ ಮಿನಾರಿನ ಕೆಳಗೆ ನಿಲ್ಲಿಸಿರಿ. ದೂರದ ಊರಿನಲ್ಲಿ ಚೆಲುವನ್ನು ಕಂಡಾಗ ನೆನೆಯುವುದಕ್ಕೆ ಅವರಿಗೆ ತಮ್ಮದೊಂದು ಊರು ಇರಲಿ.